ಒಂದೇ ಬಂಡೆಯ ಎರಡು ಹಲ್ಲಿ

ಮೊನ್ನೆ ಶನಿವಾರ ನಾನು ಪಾಠ ಮಾಡುವ ಶಾಲೆಯ ಲ್ಯಾಬಿನಲ್ಲಿ ಸ್ಪಿರಿಟ್ಟಿನ ವಾಸನೆ ಬಂತು. ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಒರೆಸುತ್ತಾರಲ್ಲ, ಆ ಹಗುರವಾದ ವಾಸನೆಯಲ್ಲ. ಬಹಳ ದಿನ ಮುಚ್ಚಿಟ್ಟ ಸೀಸೆಯ ಮುಚ್ಚಳ ತಿರುಗಿಸಿದಾಗ ಏಳುವ, ಒಳಗಿರುವ ಪ್ರಾಣಿಯ ನಾತವೂ ಒಂದಿಷ್ಟು ಬೆರೆತ, ಮೂಗಿನೊಳಗೆ ಹತ್ತಿ ಕೂತುಬಿಡುವ ವಾಸನೆ. ಹಾವು, ಹಲ್ಲಿಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಹುಡುಗಿ, ಒಬ್ಬ ಹುಡುಗ ನಮ್ಮ ಮದ್ದೂರಿನ ಮಕ್ಕಳಿಗೆ ಪಾಠ ಹೇಳಲು ಬಂದಿದ್ದರು. ಆ ಹುಡುಗಿ ಚೀಲದಿಂದ ಸೀಸೆ ತೆಗೆದು ಮುಚ್ಚಳ ತಿರುಗಿಸಿದಳು. ಮಕ್ಕಳೆಲ್ಲ ‘ಛೀ’ ಎಂದು ಮೂಗು ಮುಚ್ಚಿಕೊಂಡವು. ನಾನು ಫೋನ್ ಬಂದವಳ ಹಾಗೆ ನಟಿಸಿ ಹೊರಗೆ ವರಾಂಡಕ್ಕೆ ಬಂದು ನಿಂತೆ.

ಎಷ್ಟೋ ವರ್ಷ ಆಗಿತ್ತು ಆ ವಾಸನೆ ಕುಡಿದು. ಮಳವಳ್ಳಿಯಲ್ಲಿ ಬಿ.ಎಸ್ಸಿ. ಓದುವಾಗ ನನ್ನ ದುಪಟ್ಟಾಗೆ, ಪುಸ್ತಕಕ್ಕೆ, ಊಟದ ಡಬ್ಬಿಗೆ ಅದೇ ವಾಸನೆ ಇರುತ್ತಿತ್ತು. ಮನೆಯಲ್ಲಿ ಅವ್ವ ಬೈಯುತ್ತಿದ್ದಳು. ಅದು ನನ್ನದಲ್ಲ, ನಮ್ಮ ಮೇಡಂ ವಾಸನೆ...

ಅವರನ್ನು ನಾವು ಹಲ್ಲಿ ಮೇಡಂ ಅನ್ನುತ್ತಿದ್ದೆವು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಧೈರ್ಯ ಪ್ರಿನ್ಸಿಪಾಲರಿಗೂ ಇರಲಿಲ್ಲ. ಅವರು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಉಪಚಾರ ಮಾತ್ರ ಏನೂ ಇಲ್ಲ. ಸ್ಟಾಫ್ ರೂಮಿನಲ್ಲಿ ಸ್ವಂತದ್ದೊಂದು ಕುರ್ಚಿ ಕೂಡ ಇರಲಿಲ್ಲ. ನಮ್ಮ ಕಡೆಯ ಕೊಪ್ಪದಿಂದ ಬೆಳಿಗ್ಗೆಯೇ ಹೊರಟು ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದರು. ಕುಳ್ಳಗಿನ ಆಳು, ಎಣ್ಣೆ ಹಚ್ಚಿ ಬಿಗಿದ ಜಡೆ, ಕಾಟನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್‌ವಾಸ್ ಶೂ. ಆ ಶೂ ನೋಡಿ ಹುಡುಗರು ನಗುತ್ತಿದ್ದರು. ಒಂದು ದಿನ ತಿರುಗಿ ನಿಂತು, “ಬಂಡೆ ಹತ್ತೋ ಕಾಲು ಕಣ್ರೋ ಇವು, ನಿಮ್ಮ ಹಾಗೆ ಕಾಂಪೌಂಡ್ ಹತ್ತಿ ಕೂರೋ ಕಾಲಲ್ಲ” ಅಂದರು. ಆಮೇಲೆ ಯಾರೂ ನಗಲಿಲ್ಲ.

ಒಳ್ಳೆಯ ಮಾತಿನ ಹೆಂಗಸು ಅಂತ ಬರೆದರೆ ಸುಳ್ಳಾಗುತ್ತದೆ. ಸತ್ತವರನ್ನೆಲ್ಲ ದೇವರು ಮಾಡುವ ಚಾಳಿ ನನಗಿಲ್ಲ. ಅವರದು ಕಹಿ ಬಾಯಿ. ತಪ್ಪು ಉತ್ತರ ಕೊಟ್ಟವರನ್ನು ತರಗತಿಯೆದುರೇ ನೀರಿಳಿಸುತ್ತಿದ್ದರು. ಮನೆ ಹೆಂಗಸರು ಯಾರಾದರೂ, “ಎಡಭುಜದ ಮೇಲೆ ಹಲ್ಲಿ ಬಿತ್ತು, ಏನಾಯ್ತದೆ ಮೇಡಂ?” ಅಂತ ಕೇಳಿದರೆ, “ನಿಮ್ಗೇನೂ ಆಗಲ್ಲ. ಹಲ್ಲಿ ಗಾಬರಿ ಬಿದ್ದಿರುತ್ತೆ ಪಾಪ” ಅನ್ನುತ್ತಿದ್ದರು. ಆದರೆ ಹಲ್ಲಿ ಲೊಚಗುಟ್ಟಿದಾಗ ನಾವು ನೆಲಕ್ಕೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಅನ್ನುವುದನ್ನು ಮಾತ್ರ ಅವರು ಬೇಡವೆನ್ನಲಿಲ್ಲ. ಬದಲಿಗೆ ತಲೆಯೆತ್ತಿ, ಅದು ಯಾವ ಜಾತಿಯದು ಎಂದು ಗೋಡೆಯಲ್ಲಿ ಹುಡುಕುತ್ತಿದ್ದರು.

ಅವರು ಪಾಠ ಶುರು ಮಾಡಿದ ರೀತಿ ನೆನಪಿದೆ. ಪುಸ್ತಕ ತೆಗೆಯಲೇ ಇಲ್ಲ. ಎಲ್ಲರೂ ನಿಮ್ಮ ಮನೆಯ ಒಂದೊಂದು ಹಲ್ಲಿ ತನ್ನಿ, ಸಾಯಿಸಿದರೆ ನಿಮ್ಮನ್ನೇ ಸೀಸೆಗೆ ಹಾಕುತ್ತೇನೆ ಅಂದರು. ಮಾರನೆಯ ದಿನ ಬಿಸ್ಕತ್ತಿನ ಡಬ್ಬಿ, ನೀರಿನ ಬಾಟಲಿ, ಒಬ್ಬಳಂತೂ ಹಾರ್ಲಿಕ್ಸ್ ಸೀಸೆ, ಎಲ್ಲದರಲ್ಲೂ ಹಲ್ಲಿ. ಮನೆಯಲ್ಲಿ ಆಲೆಮನೆ ಇದ್ದ ಹುಡುಗನೊಬ್ಬ ಬೆಲ್ಲದ ಕೊಪ್ಪರಿಗೆಯ ಪಕ್ಕದ ಗೋಡೆಯಿಂದ ಹಿಡಿದು ತಂದಿದ್ದ. ಅದು ಕಪ್ಪಗೆ, ಮಸಿ ಬಳಿದ ಹಾಗಿತ್ತು. ಇದು ಬೇರೆಯದೇ ಹಲ್ಲಿ ಮೇಡಂ, ನಮ್ಮ ಆಲೆಮನೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ ಅಂತ ಎದೆಯುಬ್ಬಿಸಿದ. ಮೇಡಂ ಅದನ್ನು ಬಿಳಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕಿಟಕಿಯಲ್ಲಿಟ್ಟು ಪಾಠ ಮಾಡಿದರು. ತರಗತಿ ಮುಗಿಯುವ ಹೊತ್ತಿಗೆ ಡಬ್ಬಿ ತೆಗೆದು ತೋರಿಸಿದರು. ಕರಿ ಹಲ್ಲಿ ಬಿಳಿಚಿಕೊಂಡಿತ್ತು, ನಮ್ಮೆಲ್ಲರ ಮನೆಯ ಹಲ್ಲಿಯ ಹಾಗೇ.

“ಬಣ್ಣ ಸುಳ್ಳು ಹೇಳುತ್ತೆ” ಅಂದರು. “ಕೂತ ಜಾಗಕ್ಕೆ ತಕ್ಕ ಹಾಗೆ ಬದಲಾಯಿಸುತ್ತೆ. ಬಾಲ ಅರ್ಧ ಸುಳ್ಳು ಹೇಳುತ್ತೆ, ಉದುರಿ ಹೊಸದಾಗಿ ಬಂದಿದ್ರೆ ನುಣ್ಣಗಿರುತ್ತೆ, ಮೊದಲಿನ ಗಂಟು ಒಂದೂ ಇರಲ್ಲ. ಕಾಲು ನೋಡಿ. ಬೆರಳಿನ ಅಡಿ ನೋಡಿ. ತೊಡೆ ಕೆಳಗೆ ನೋಡಿ.”

ಹಾಗೆ ನಾವು ಹಲ್ಲಿಯನ್ನು ಅಂಗಾತ ಹಿಡಿದು ನೋಡುವುದನ್ನು ಕಲಿತೆವು. ಬೆರಳಿನಡಿ ಅಡ್ಡಡ್ಡ ಪಟ್ಟಿಗಳಿರುತ್ತವೆ, ಅವು ಇಡಿಯೋ ಸೀಳಿದವೋ ನೋಡಬೇಕು. ಬೆನ್ನ ಮೇಲೆ ಸಾಸಿವೆಯಂಥ ಗಂಟುಗಳ ಸಾಲು ಎಷ್ಟು ಅಂತ ನೋಡಬೇಕು. ಗಂಡಾದರೆ ತೊಡೆಯ ಕೆಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಸಾಲಿರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಆ ಸಾಲು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆಯೇ ಒಂದು ಪ್ರಭೇದ ಇನ್ನೊಂದರಿಂದ ಬೇರೆಯಾಗಿಬಿಡುತ್ತದೆ. ನನಗೆ ಇದು ಹುಚ್ಚು ಹಿಡಿಸಿತು. ಇಂದಿಗೂ ಗೋಡೆಯಲ್ಲಿ ಹಲ್ಲಿ ಕಂಡರೆ ನನ್ನ ಕಣ್ಣು ಮೊದಲು ಅದರ ಕಾಲಿಗೆ ಹೋಗುತ್ತದೆ.

ಹಲಗೂರು ದಾಟಿ ಮುತ್ತತ್ತಿಗೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವ ಮೊದಲು, ಹುರುಳಿ ಹೊಲವೊಂದರ ಮೇಲುಗಡೆ ಮನೆಯಷ್ಟು ದೊಡ್ಡ ಬಂಡೆಯಿದೆ. ಪೂರ್ವಕ್ಕೆ ಮುಖ. ಮೇಡಂ ನಮ್ಮಲ್ಲಿ ಇಬ್ಬರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು, ನನ್ನನ್ನು, ನನ್ನ ಗೆಳತಿಯನ್ನು. ಹಲಗೂರಿನಲ್ಲಿದ್ದ ಗೆಳತಿಯ ಮನೆಯಲ್ಲಿ ಮಲಗಿ, ಬೆಳಕು ಹರಿಯುವಾಗ ಹೊರಡುತ್ತಿದ್ದೆವು. ಬಂಡೆಯ ಮೇಲಿದ್ದದ್ದು ಮನೆಯ ಹಲ್ಲಿಯಲ್ಲ. ಬೆರಳುದ್ದದ, ಗುಂಡು ಕಣ್ಣಿನ, ಸಣಕಲು ಬೆರಳಿನ ಸಣ್ಣ ಜೀವ. ಹಗಲಿನಲ್ಲಿ ತಿರುಗಾಡುತ್ತದೆ. ಬಿಸಿಲು ಬಂಡೆಗೆ ಬೀಳುವ ಮೊದಲು ಹೊರಗೆ ಬಂದು ಇರುವೆ ಗಿರುವೆ ಹಿಡಿಯುತ್ತದೆ, ಕಲ್ಲು ಕಾಯತೊಡಗಿದ ಕೂಡಲೇ ಬಿರುಕಿನೊಳಗೆ ಎಷ್ಟು ಆಳಕ್ಕೆ ಹೋಗುತ್ತದೆಂದರೆ ಕಡ್ಡಿ ಹಾಕಿ ಕೆದಕಿದರೂ ಸಿಗುವುದಿಲ್ಲ.

ನಮಗೆ ಎಲ್ಲವೂ ಒಂದೇ ಥರ ಕಂಡವು. ಮೇಡಂ ಒಂದನ್ನು ಹಿಡಿದು ನನ್ನ ಕೈಗೆ ಕೊಟ್ಟು ಪಕ್ಕೆಯ ಮೇಲೆ ಬೆರಳಾಡಿಸು ಅಂದರು. ಎಳೆಯ ಮುಳ್ಳುಸೌತೆ ಮುಟ್ಟಿದ ಹಾಗಾಯಿತು. ಇನ್ನೊಂದನ್ನು ಕೊಟ್ಟರು. ಅದರ ಪಕ್ಕೆ ನುಣುಪು. ಎರಡೂ ಗಂಡೇ. ತಿರುಗಿಸಿ ಭೂತಗನ್ನಡಿ ಹಿಡಿದೆವು. ಮುಳ್ಳಿನದಕ್ಕೆ ರಂಧ್ರಗಳು ತೊಡೆಯಲ್ಲಿ ಮಾತ್ರ. ನುಣುಪಿನದಕ್ಕೆ ಎರಡು ತೊಡೆಯ ನಡುವಿನ ಜಾಗದಲ್ಲೂ ಒಂದು ಸಣ್ಣ ಸಾಲು. ನನ್ನ ಗೆಳತಿ, ಒಂದೇ ಹಲ್ಲಿಯ ಎರಡು ಉಪಪ್ರಭೇದ ಇರಬಹುದಾ ಮೇಡಂ ಅಂತ ಕೇಳಿದಳು. ಮೇಡಂ ನಕ್ಕರು, ಅಪರೂಪಕ್ಕೆ.

“ಉಪಪ್ರಭೇದ ಅಂದ್ರೆ ದೂರದೂರಿನ ನೆಂಟರಿದ್ದ ಹಾಗೆ. ಬೇರೆ ಬೇರೆ ಜಾಗದಲ್ಲಿ ಇರ್ತಾರೆ, ಮುಖದಲ್ಲಿ ಒಂಚೂರು ವ್ಯತ್ಯಾಸ. ಒಂದು ಕಡೆ ಸೇರಿದ್ರೆ ಹೆಣ್ಣು ಕೊಟ್ಟು ತಂದು ಎಲ್ಲ ಕಲೆತು ಹೋಗುತ್ತೆ. ಇವು ಒಂದೇ ಬಂಡೇಲಿ, ಒಂದೇ ಬಿರುಕಿನ ಆಚೆ ಈಚೆ ಇದ್ದೂ ಕಲೆತಿಲ್ಲ. ಮಧ್ಯದ್ದು ಅನ್ನೋದು ಒಂದೂ ಸಿಕ್ಕಿಲ್ಲ ನಂಗೆ. ಒಂದೇ ಬೀದೀಲಿದ್ದು ತಲತಲಾಂತರದಿಂದ ಕೊಟ್ಟು ತರದೇ ಇರೋದು ಅಂದ್ರೆ ಏನೂಂತ ನಮ್ಮೂರ ಕಡೆಯವರಿಗೆ ನಾನು ಹೇಳಿಕೊಡಬೇಕಾ?”

ನಾವಿಬ್ಬರೂ ಮತ್ತೆ ಭೂತಗನ್ನಡಿಗೆ ಬಗ್ಗಿದೆವು. ಕೊಪ್ಪದ ಅವರ ಮನೆ ಊರಿನ ಯಾವ ದಿಕ್ಕಿಗಿದೆ ಎಂಬುದು ನಮಗೆ ಗೊತ್ತಿತ್ತು. ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟ ಇತ್ತು.

ಇದೇ ಅವರ ಪಿಎಚ್.ಡಿ. ಒಂದೇ ಬಂಡೆಯಲ್ಲಿ ಎರಡು ಬೇರೆ ಪ್ರಭೇದ. ಇಷ್ಟನ್ನು ಅವರ ಗೈಡು ಒಪ್ಪಿ ಸಹಿ ಹಾಕಿದರೆ ಡಾಕ್ಟರೇಟು. ಡಾಕ್ಟರೇಟು ಇಲ್ಲದ ಅತಿಥಿ ಉಪನ್ಯಾಸಕರನ್ನು ಮುಂದಿನ ವರ್ಷದಿಂದ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಆಗಲೇ ಕಾಲೇಜಿನಲ್ಲಿ ಎದ್ದಿತ್ತು. ಹಾಗಾಗಿ ಹಲ್ಲಿಯ ತೊಡೆಯ ಕೆಳಗಿನ ಆ ರಂಧ್ರಗಳ ಮೇಲೆ ಮೇಡಮ್ಮಿನ ಬದುಕೇ ನಿಂತಿತ್ತು ಅಂದರೆ ನಾನು ಬಣ್ಣ ಕಟ್ಟಿ ಹೇಳುತ್ತಿಲ್ಲ.

ಗೈಡು ಮೈಸೂರಿನವರು. ದೊಡ್ಡ ಹೆಸರು, ದೊಡ್ಡ ಮೇಜು. ನಾನೂ ಒಮ್ಮೆ ಮೇಡಂ ಜೊತೆ ಸೀಸೆಗಳ ಚೀಲ ಹೊತ್ತು ಹೋಗಿದ್ದೆ. ಊಟದ ಹೊತ್ತಿನವರೆಗೂ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆದ ಮೇಲೆ ಸೀಸೆಗಳನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು, ಪಾನಕದ ಲೋಟ ನೋಡಿದ ಹಾಗೆ. “ಏನಮ್ಮಾ, ಹೆಚ್ಚೂ ಅಂದ್ರೆ ಉಪಪ್ರಭೇದ. ಒಂದು ಮುತ್ತತ್ತಿ ಕಡೇದು, ಇನ್ನೊಂದು ಬೇರೆ ಗುಡ್ಡದ್ದು ಇರಬಹುದು. ಒಂದೇ ಬಂಡೇದು ಅಂತ ಚೀಟಿ ಅಂಟಿಸಿದ್ರೆ ನಾನು ನಂಬಬೇಕಾ? ಕಣ್ಣಾರೆ ನೋಡಬೇಕು” ಅಂದರು. ಪಟ ತೋರಿಸೋಣವೆಂದರೆ ಆಗಿನ ನಮ್ಮ ಫೋನುಗಳಲ್ಲಿ ಹಲ್ಲಿ ಯಾವುದು ಕಲ್ಲು ಯಾವುದು ತಿಳಿಯುತ್ತಿರಲಿಲ್ಲ.

“ಹಾಗಾದ್ರೆ ಬಂದು ನೋಡಿ ಸಾರ್” ಅಂದರು ಮೇಡಂ. ಬೇಡಿಕೊಂಡ ದನಿಯಲ್ಲ ಅದು, ಸವಾಲಿನ ದನಿ. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಹಾಗೆ ಅನ್ನಬಾರದಿತ್ತೇನೋ ಅಂತ ಒಬ್ಬರೇ ಗೊಣಗಿಕೊಂಡರು. ಆದರೆ ಗೈಡು ಒಪ್ಪಿದ್ದರು. ಒಂದು ಭಾನುವಾರ ಬರುತ್ತೇನೆ, ಹೇಗೂ ಮನೆಯವರು ಮುತ್ತತ್ತಿ ನೋಡಿಲ್ಲ ಅಂದಿದ್ದರು.

ಈಗ ಮೇಡಮ್ಮಿನ ಅಣ್ಣನ ವಿಷಯ ಹೇಳಬೇಕು. ಮದುವೆಯಾಗದ ತಂಗಿಯನ್ನು ಮಗಳ ಹಾಗೆ ಸಾಕಿದ ಮನುಷ್ಯ. ಹಾಲಿನ ಡೇರಿಗೆ ಹಾಲು ಹಾಕಿ, ಒಂದಿಷ್ಟು ಗದ್ದೆ ಮಾಡಿಕೊಂಡಿದ್ದವರು. ತಂಗಿ ಹಲ್ಲಿಯ ಹಿಂದೆ ಬಿದ್ದದ್ದು ಯಾಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಆದರೆ ಯಾರಾದರೂ ಆಡಿಕೊಂಡರೆ ಕೊರಳಪಟ್ಟಿ ಹಿಡಿಯುತ್ತಿದ್ದರು. ಗೈಡು ಬರುವ ಸುದ್ದಿ ಕೇಳಿದ್ದೇ ಕುರಿಮರಿ ಕೊಂಡು ತಂದು ಕಟ್ಟಿದರು. ನಾನು ಅವರ ಮನೆಯಲ್ಲೇ ಇದ್ದೆ ಆವತ್ತು. ಮೇಡಂ, ಊಟ ಗೀಟ ಏನೂ ಬೇಡ ಅಣ್ಣ, ಮೊದಲು ಬಂಡೆ, ಬಿಸಿಲೇರುವ ಮೊದಲು ಹತ್ತಲೇಬೇಕು, ಬೇಕಾದರೆ ಆಮೇಲೆ ಊಟ ಅಂತ ಎಷ್ಟೋ ಹೇಳಿದರು.

“ಬರೀ ಒಟ್ಟೇಲಿ ಕಲ್ ಅತ್ತುಸ್ತೀಯಾ ದೊಡ್ ಮನುಸ್ರುನ್ನ? ನಮ್ ಮರ್ವಾದೆ ಏನಾಯ್ತದೆ? ನೀನು ಸುಮ್ಕಿರು ಕಣವ್ವ” ಅಂದರು ಅಣ್ಣ. ಇನ್ನೂ ಒಂದು ಮಾತು ತಗ್ಗಿದ ದನಿಯಲ್ಲಿ ಸೇರಿಸಿದರು. “ಅವ್ರು ನಮ್ ಕೈಲಿ ಉಣ್ತೀನಿ ಅಂತ ಒಪ್ಕಂಡವ್ರಲ್ಲಾ, ಅದೇ ದೊಡ್ದು. ಬ್ಯಾಡ ಅನ್ನಕಾಯ್ತದಾ?”

ಅಷ್ಟು ದೊಡ್ಡ ಬಾಯಿಯ ಹೆಂಗಸು ಅವತ್ತು ಎದ್ದು ಹೋಗಿ ಮರಿಗೆ ಸೊಪ್ಪು ಹಾಕಿದರು.

ಭಾನುವಾರ ನಸುಕಿನಲ್ಲೇ ಲಗೇಜ್ ಆಟೋದಲ್ಲಿ ಪಾತ್ರೆ, ಸೌದೆ, ಮರಿಯ ಮಾಂಸ ಎಲ್ಲ ಮುತ್ತತ್ತಿಗೆ ಬಂತು. ಹೊಳೆಯ ದಡದಲ್ಲಿ ಮರದ ಕೆಳಗೆ ಒಲೆ ಹೂಡಿದರು. ನಾವು ಮೂವರು ಹುರುಳಿ ಹೊಲದ ಹತ್ತಿರ ರಸ್ತೆಯಲ್ಲಿ ಕಾದು ನಿಂತೆವು. ಬಂಡೆಯ ಮೇಲೆ ಆ ಹೊತ್ತಿಗೆ ಹಲ್ಲಿಗಳು ಆಡುತ್ತಿದ್ದವು. ಒಂದು ಮುಳ್ಳಿನದು, ಅದರಿಂದ ಮೊಳದಷ್ಟು ದೂರದಲ್ಲಿ ಒಂದು ನುಣುಪಿನದು. ಎರಡೂ ಗಂಡು, ಎರಡಕ್ಕೂ ಇಡೀ ಬಾಲ. ಮೇಡಂ ಬಂಡೆಯನ್ನೂ ರಸ್ತೆಯನ್ನೂ ತಿರುಗಿ ತಿರುಗಿ ನೋಡುತ್ತಿದ್ದರು. ಬಿಸಿಲು ಬಂಡೆಯ ನೆತ್ತಿಗೆ ಬಂತು, ಎದೆಗೆ ಇಳಿಯಿತು. ಕಾರು ಬಂದದ್ದು ಆಮೇಲೆ. ಅದರಲ್ಲಿ ಗೈಡು, ಅವರ ಹೆಂಡತಿ, ಇನ್ನೊಬ್ಬ ಗೆಳೆಯರು. ದಾರಿಯಲ್ಲಿ ಅವರಿಗೆ ಫೋನ್ ಮಾಡಿ ಮಾಡಿ ಅಣ್ಣ ತಿಂಡಿಯ ಆಸೆ ಹುಟ್ಟಿಸಿದ್ದರು. ಕಾರು ನಿಲ್ಲಲಿಲ್ಲ. ಗೈಡು ಗ್ಲಾಸು ಇಳಿಸಿ, “ನೀವೂ ಬನ್ನಮ್ಮಾ, ಮೊದಲು ತಿಂಡಿ ಮುಗಿಸೋಣ. ನಿಮ್ಮಣ್ಣ ಬಿಡ್ತಾ ಇಲ್ಲ” ಅಂತ ಹೇಳಿ ಮುಂದೆ ಹೋದರು.

ಇಡ್ಲಿ, ತಲೆಮಾಂಸದ ಸಾರು. ಅದು ತಿಂಡಿ. ಆಮೇಲೆ ಆಂಜನೇಯನ ದರ್ಶನ ಮಾಡಬೇಕೆಂದು ಗೈಡಿನ ಹೆಂಡತಿ ಹೊರಟರು. ಅವರು ಮಾಂಸ ಮುಟ್ಟಿರಲಿಲ್ಲ. ಆಮೇಲೆ ಎಲ್ಲರೂ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತರು. ಆಮೇಲೆ ಊಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಅನ್ನ. ಗೈಡು ಚೆನ್ನಾಗಿಯೇ ಉಂಡರು. ಬೆವರು ಒರೆಸಿಕೊಂಡು ಉಂಡರು. ಅಣ್ಣ ಎದುರಿಗೇ ಸೌಟು ಹಿಡಿದು ನಿಂತಿದ್ದರು. “ಇನ್ನೊಂದ್ ತುತ್ತು ಸಾರ್, ಬ್ಯಾಡ ಅನ್ಬ್ಯಾಡಿ. ಇಷ್ಟ್ ದೂರ ಬಂದಿದ್ದೀರಿ.” ನಮ್ಮ ಮಂಡ್ಯದ ಕಡೆ ಎಲೆಯ ಮುಂದೆ ಕೂತವರನ್ನು ಏಳಿಸುವ ಗಂಡು ಇನ್ನೂ ಹುಟ್ಟಿಲ್ಲ. ಅದು ನಮಗೆ ದೊಡ್ಡ ಜಂಬ. ಬಂದವರು ಸೊಂಟದ ಗುಂಡಿ ಸಡಿಲ ಮಾಡಿಕೊಂಡರೆ ನಮಗೆ ಗೆದ್ದಷ್ಟು ಸಂತೋಷ. ಆ ಜಂಬವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೇಡಂ ಎಲೆಯ ಮುಂದೆ ಕೂತಿದ್ದರು, ಉಣ್ಣಲಿಲ್ಲ. ಮುದ್ದೆಯನ್ನು ಮುರಿದು ಮುರಿದು ಎಲೆಯ ತುಂಬ ಚೂರು ಮಾಡಿಟ್ಟಿದ್ದರು.

ಊಟದ ಮೇಲೆ ಗೈಡು ಮರದ ಕೆಳಗೆ ಜಮಖಾನದ ಮೇಲೆ ಅಡ್ಡಾದರು. ಎಬ್ಬಿಸಲು ಹೋದ ಮೇಡಮ್ಮನ್ನು ಅಣ್ಣನೇ ಕಣ್ಸನ್ನೆಯಲ್ಲಿ ತಡೆದರು. ಗೈಡು ಎದ್ದು ಕಾರಿನಲ್ಲಿ ಬಂಡೆಯ ಬಳಿಗೆ ಬಂದಾಗ ಬರಿಗೈ ಇಟ್ಟರೆ ಸುಡುತ್ತಿತ್ತು. ಅರ್ಧ ಹತ್ತಿ ಏದುಸಿರು ಬಿಟ್ಟು ನಿಂತರು. ಮೇಡಂ ಆ ಶೂ ಕಾಲಿನಲ್ಲಿ ಬಂಡೆಯ ತುದಿಯವರೆಗೂ ಓಡಿ, ಪ್ರತಿ ಬಿರುಕಿನ ಮುಂದೆ ಬಗ್ಗಿ, ಕಡ್ಡಿ ಹಾಕಿ, ಊದಿ, ಹುಡುಕಿದರು. ಸೀರೆ ಹರಿಯಿತು. ಕೈಗೆ ರಕ್ತ ಬಂತು. ಕೊನೆಗೆ ನೆರಳಿನ ಒಂದು ಮೂಲೆಯಲ್ಲಿ ಒಂದು ಸಿಕ್ಕಿತು. ಹೆಣ್ಣು. ತೊಡೆಯ ಕೆಳಗೆ ರಂಧ್ರವಿಲ್ಲ. ಬಾಲ ಹೊಸದಾಗಿ ಬಂದದ್ದು, ನುಣ್ಣಗಿತ್ತು.

ಗೈಡು ಅದನ್ನು ಭೂತಗನ್ನಡಿಯಲ್ಲಿ ನೋಡಿ ನಕ್ಕರು. “ನೋಡಮ್ಮಾ, ಇದು ಮಾಮೂಲಿನದೇ. ಉಪಪ್ರಭೇದ ಕೂಡ ಅಲ್ಲ. ಒಂದಿಷ್ಟು ಸ್ಥಳೀಯ ವ್ಯತ್ಯಾಸ ಅಷ್ಟೇ.”

“ಬೆಳಿಗ್ಗೆ ಬಂದಿದ್ರೆ ಎರಡೂ ಇದ್ದವು ಸಾರ್. ಈ ಹುಡುಗೀರೂ ನೋಡವ್ರೆ.” ಮೇಡಮ್ಮಿನ ಬಾಯಲ್ಲಿ ಊರ ಮಾತು ಬಂದುಬಿಟ್ಟಿತ್ತು.

“ಇನ್ನೊಂದ್ಸಲ ಬರೋಣ ಬಿಡಿ. ಊಟ ಮಾತ್ರ ಅದ್ಭುತ ಕಣಮ್ಮಾ” ಅಂದರು.

ಹೊಳೆಯ ದಡಕ್ಕೆ ವಾಪಸ್ಸು ಬಂದು, ಗೈಡು ಮನೆಯವರ ಜೊತೆ ಹೊರಡುವಾಗ ಅಣ್ಣ ಟಿಫನ್ ಕ್ಯಾರಿಯರ್ ತುಂಬಿಸಿ ಕಾರಿನಲ್ಲಿಟ್ಟರು. ಕಾರು ತಿರುವು ದಾಟುವವರೆಗೂ ಕೈ ಮುಗಿದೇ ನಿಂತಿದ್ದರು. ಆಮೇಲೆ ತಂಗಿಯ ಕಡೆ ತಿರುಗಿ, “ನಿನ್ ಕೆಲ್ಸ ಆಯ್ತು ಅನ್ಕೊ ಕಣವ್ವ. ಬಾಯ್ತುಂಬ ಒಗಳುದ್ರು” ಅಂದರು. ಮೇಡಂ ತಲೆಯಾಡಿಸಿದರು. ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲು ಹೊಳೆಗೆ ಇಳಿದರು.

ಆ ಇನ್ನೊಂದು ಸಲ ಬರಲೇ ಇಲ್ಲ. ಮೇಡಂ ಫೋನ್ ಮಾಡಿದರೆ ಮೀಟಿಂಗ್, ಮೈಸೂರಿಗೆ ಹೋದರೆ ರಜ. ಕೊನೆಗೆ, ಹಲ್ಲಿ ಬಿಟ್ಟು ಕೆರೆಯ ಮೀನಿನ ಮೇಲೆ ಏನಾದರೂ ಮಾಡಿ, ಬೇಗ ಮುಗಿಯುತ್ತದೆ ಅಂತ ಸಲಹೆ ಕೊಟ್ಟರಂತೆ. ಮೇಡಂ ಆಗುವುದಿಲ್ಲ ಅಂದರು. ಬೇರೆ ಗೈಡನ್ನು ಹುಡುಕಿದರು. ಒಬ್ಬರು ಬಿಟ್ಟ ಕೇಸನ್ನು ಇನ್ನೊಬ್ಬರು ಮುಟ್ಟುವುದಿಲ್ಲವಂತೆ ಅಲ್ಲಿ. ಮುಂದಿನ ವರ್ಷ ಕಾಲೇಜು ಶುರುವಾದಾಗ ಅತಿಥಿ ಉಪನ್ಯಾಸಕರಲ್ಲಿ ಅವರಿರಲಿಲ್ಲ. ಅವರ ಜಾಗಕ್ಕೆ ಬಂದವರು ನಮಗೆ ಹಲ್ಲಿಯ ಪಾಠವನ್ನು ನೋಟ್ಸ್ ಓದಿ ಬರೆಸಿದರು. ನಾನು ಮೂಲೆಯ ಬೆಂಚಿನಲ್ಲಿ ಕೂತು ಬರೆದುಕೊಂಡೆ...

ಆ ಗೈಡು ಇನ್ನೊಂದು ಬೆಳಿಗ್ಗೆ ಬಂದಿದ್ದರೆ ಸಾಕಿತ್ತು. ಒಂದೇ ಒಂದು ಬೆಳಿಗ್ಗೆ. ಮೈಸೂರಿನಿಂದ ಮುತ್ತತ್ತಿ ಅದೇನು ಕಾಶಿಯಾ? ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಸಂಭಾವಿತತನ ನನಗೆ ಬೇಕಿಲ್ಲ. ಲಂಚ ಕೇಳುವವರಾದರೂ ತಿಂದದ್ದಕ್ಕೆ ಕೆಲಸ ಮಾಡಿಕೊಡುತ್ತಾರೆ. ಇವರು ಉಂಡು, ಹೊಗಳಿ, ಮರೆತರು.

ಮೇಡಮ್ಮನ್ನು ಕೊನೆಯ ಸಲ ನೋಡಿದ್ದು ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ. ನನಗೆ ಕೆಲಸ ಸಿಕ್ಕಿ ಹೊಸತು. ಅವರು ಪಶು ಆಹಾರದ ಮೂಟೆಯ ಪಕ್ಕ ನಿಂತಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ. ಮನೆಯಲ್ಲಿ ಹಸು ನೋಡಿಕೊಂಡು ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದೇನೆ ಅಂದರು. ನಾನು ಬಂಡೆಯ ಮಾತು ತೆಗೆದೆ. “ಅದನ್ನ ಎತ್ತಬೇಡ ಕಣೆ” ಅಂದರು. ಬೈಗುಳವನ್ನು ಕಾಯುತ್ತಿದ್ದ ನನಗೆ ಆ ಮೆತ್ತನೆಯ ದನಿ ಕೇಳಿ ಭಯವಾಯಿತು. ಬಸ್ಸು ಬಂತು, ಮೂಟೆ ಹತ್ತಿಸಲು ನಾನೊಂದು ಕಡೆ ಹಿಡಿದೆ. ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಕಾಮಾಲೆ ಅಂತೆ. ನಾಟಿ ಔಷಧಿಯಲ್ಲಿ ಹೊತ್ತು ಕಳೆದರಂತೆ...

ಶನಿವಾರ ವರಾಂಡದಲ್ಲಿ ನಿಂತು ಇಷ್ಟೆಲ್ಲ ನೆನೆಸಿಕೊಂಡು ಒಳಗೆ ಹೋದಾಗ ಆ ಹುಡುಗಿ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದಳು. ಹುರುಳಿ ಹೊಲ, ಅದರ ಮೇಲುಗಡೆ ಬಂಡೆ. ನಾನು ಬಾಗಿಲಲ್ಲೇ ನಿಂತೆ. “ನಮ್ಮ ಮಂಡ್ಯ ಜಿಲ್ಲೆಯಲ್ಲೇ, ಒಂದೇ ಬಂಡೆ ಮೇಲೆ ಎರಡು ಬೇರೆ ಬೇರೆ ಪ್ರಭೇದ ಸಿಕ್ಕಿವೆ ಮಕ್ಕಳೇ” ಅಂದಳು. ಪಾಠ ಮುಗಿದ ಮೇಲೆ ಅವಳ ಹತ್ತಿರ ಹೋಗಿ, ಒಂದಕ್ಕೆ ಪಕ್ಕೆಯಲ್ಲಿ ಮುಳ್ಳು, ಇನ್ನೊಂದಕ್ಕೆ ತೊಡೆಗಳ ನಡುವೆಯೂ ರಂಧ್ರ, ಅಲ್ಲವೇ ಅಂತ ಕೇಳಿದೆ. ಅವಳು ಗಾಬರಿಯಾದಳು. ನಾವು ಇನ್ನೂ ಎಲ್ಲೂ ಪ್ರಕಟಿಸಿಲ್ಲ, ನಿಮಗೆ ಹೇಗೆ ಗೊತ್ತು ಮೇಡಂ ಅಂದಳು.

ಎಲ್ಲ ಹೇಳಿದೆ. ಇಬ್ಬರೂ ಕೂತು ಕೇಳಿದರು. ಕದ್ದವರ ಮುಖ ಅವರದಲ್ಲ. ಮೇಡಂ ಹೆಸರನ್ನೇ ಅವರು ಕೇಳಿರಲಿಲ್ಲ; ಕೇಳುವುದಾದರೂ ಹೇಗೆ, ಅವರದು ಒಂದು ಸಾಲೂ ಅಚ್ಚಾಗಿರಲಿಲ್ಲ. ನಾವು ಬಂಡೆಯ ಪಕ್ಕದಲ್ಲೇ ಟೆಂಟು ಹಾಕಿ ಮಲಗಿದ್ದೆವು ಮೇಡಂ, ಬೆಳಿಗ್ಗೆ ಎದ್ದರೆ ಎದುರಿಗೇ ಇದ್ದವು ಅಂದ ಆ ಹುಡುಗ. ಅಷ್ಟು ಸಲೀಸು. ನನಗೆ ಅವರ ಮೇಲೂ ಸಿಟ್ಟು ಬಂತು, ಯಾವ ತಪ್ಪೂ ಮಾಡದವರ ಮೇಲೆ ಬರುವ ಕೆಟ್ಟ ಸಿಟ್ಟು. ಹೊರಡುವಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡು, “ಅವರ ಸೀಸೆಗಳು ಎಲ್ಲಾದ್ರೂ ಉಳಿದಿದ್ರೆ ಹುಡುಕಿ ಮೇಡಂ. ಚೀಟಿ ಮೇಲೆ ಜಾಗ, ಹಿಡಿದವರ ಹೆಸರು ಇದ್ರೆ ಸಾಕು. ಮೊದಲು ಗುರುತಿಸಿದವರು ಅವರು ಅಂತ ಬರೀತೀವಿ” ಅಂದಳು.

ಮಾರನೆಯ ದಿನವೇ ಕೊಪ್ಪಕ್ಕೆ ಹೋದೆ. ಅಣ್ಣನಿಗೆ ವಯಸ್ಸಾಗಿತ್ತು. ಗುರುತು ಹಿಡಿದರು. ಹೆಂಡತಿಯನ್ನು ಕೂಗಿ ಕಾಫಿಗೆ ಹೇಳಿ, ಜಗಲಿಯ ಮೇಲೆ ನನ್ನನ್ನು ಕೂರಿಸಿದರು. ನಾನು ವಿಷಯ ಹೇಳಿದೆ. ತಂಗಿ ಹೇಳಿದ್ದು ನಿಜವಾಯಿತು ಅನ್ನುವಷ್ಟು ಅವರಿಗೆ ತಿಳಿಯಿತು. ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಸೀಸೆಗಳನ್ನು ಕೇಳಿದೆ.

“ಅವ್ಳೇ ಒಂದಿನ ಇತ್ಲಲ್ಲಿ ಗುಂಡಿ ತೋಡಿ ಎಲ್ಲಾನೂ ಊತ್ಬುಟ್ಲು ಕಣವ್ವ. ಸೀಸೆ ತೊಳ್ದು ಮಡುಗುದ್ಲು. ನೋಡು, ಅಲ್ಲಿ ಅವೆ.”

ಒಳಗಿನ ಗೂಡಿನಲ್ಲಿ ಸೀಸೆಗಳು ಸಾಲಾಗಿದ್ದವು. ಅವುಗಳಲ್ಲಿ ಬಿತ್ತನೆಗೆ ಇಟ್ಟ ಅವರೆ, ಅಲಸಂದೆ ಬೀಜ. ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದೆ. ಚೀಟಿ ಒಂದರಲ್ಲೂ ಇರಲಿಲ್ಲ. ಅಂಟಿನ ಕಲೆಯೂ ಉಳಿಯದ ಹಾಗೆ ಉಜ್ಜಿ ತೊಳೆದಿದ್ದರು. ಇನ್ನು ಹುಡುಕುವುದಕ್ಕೆ ಏನೂ ಇಲ್ಲ ಎಂದು ಗೊತ್ತಾಯಿತು. ಆ ಹಲ್ಲಿಗಳಿಗೆ ಹೆಸರು ಬರುತ್ತದೆ, ಪುಸ್ತಕದಲ್ಲಿ ಸೇರುತ್ತವೆ. ನಮ್ಮ ಮೇಡಂ ಎಲ್ಲೂ ಇರುವುದಿ‌ಲ್ಲ.

ಕಾಫಿ ಕುಡಿದು ಏಳುವಾಗ ಅಣ್ಣ ಹತ್ತಿರ ಬಂದು ನಿಂತರು. ಒಳಗಿದ್ದ ಹೆಂಡತಿಗೆ ಕೇಳಿಸದ ಹಾಗೆ ಮಾತಾಡಿದರು.

“ಒಂದ್ ಮಾತ್ ಕೇಳ್ತೀನಿ, ದಿಟ ಏಳ್ಬೇಕು. ಅವತ್ತು ನೀನೂ ಉಂಡಿದ್ದೆ. ಅಡ್ಗೇಲಿ ಏನಾರಾ ಕಮ್ಮಿ ಆಗಿತ್ತಾ? ಉಪ್ಪು, ಕಾರ? ಅಷ್ಟ್ ಚೆನ್ನಾಗಿ ಉಂಡೋದ್ರು, ಆಮೇಲ್ಯಾಕೆ ನಮ್ಮವ್ಳ ಕೈ ಬುಟ್ರು ಅಂತ ಇವತ್ಗೂ ತಿಳೀದು ಕಣವ್ವ. ಅವ್ಳುನ್ನೂ ಕೇಳ್ದೆ. ಊಟ ಚೆನ್ನಾಗಿತ್ತು ಕಣಣ್ಣ ಅಂದ್ಲು, ಅಷ್ಟೇಯ.”

ಕಹಿ ಬಾಯಿಯ ಆ ಹೆಂಗಸು ಬದುಕಿದ್ದಷ್ಟು ದಿನವೂ ಇವರಿಗೆ ಅದೊಂದು ಮಾತನ್ನು ಹೇಳಿರಲಿಲ್ಲ. ನಾನೂ “ಚೆನ್ನಾಗಿತ್ತು ಅಣ್ಣ. ಏನೂ ಕಮ್ಮಿ ಆಗಿರಲಿಲ್ಲ” ಅಂದೆ.

ಅವರ ಮುಖ ಅರಳಿತು. ಗೇಟಿನವರೆಗೂ ಬಂದು ಬೀಳ್ಕೊಟ್ಟರು. ನಾನು ಗಾಡಿ ಸ್ಟಾರ್ಟ್ ಮಾಡುವಾಗ ಏನೋ ಹೊಳೆದವರ ಹಾಗೆ ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

“ಆ ಉಡುಗ್ರು ಇನ್ನೊಂದ್ ದಪ ಬಂಡೆ ತಾವ್ಕೆ ಬತ್ತಾರಾ? ಬಂದ್ರೆ ಮೊದ್ಲೇ ಏಳು. ಒಂದ್ ಮರಿ ಮಡುಗಿವ್ನಿ. ಬರೀ ಒಟ್ಟೇಲಿ ಕಳ್ಸಬ್ಯಾಡ ಅವ್ರುನ್ನ.”